ಲಂಡನ್ನಿನಲ್ಲಿ ಎರಡೂವರೆ ದಿನ: ಆಯ್ಕೆಯ ಲೆಕ್ಕ

ಅರ್ಥಶಾಸ್ತ್ರದ ಮೊದಲ ಅಧ್ಯಾಯ ಓದಿದ ಯಾರನ್ನೇ ಕೇಳಿದರೂ ಈ ಉತ್ತರ ಬಾಯಿಪಾಠವಾಗಿ ಬರುತ್ತದೆ: ನಮ್ಮ ಬಯಕೆಗಳು ಅನೇಕ, ಸಂಪನ್ಮೂಲಗಳು ಸೀಮಿತ, ಆದ್ದರಿಂದ ಆಯ್ಕೆ ಮಾಡಲೇಬೇಕು. ಪರೀಕ್ಷೆಯಲ್ಲಿ ಇದಕ್ಕೆ ಅಂಕವೂ ಸಿಗುತ್ತದೆ. ಆದರೆ ‘ಅವಕಾಶ ವೆಚ್ಚಕ್ಕೆ ಒಂದು ಉದಾಹರಣೆ ಕೊಡಿ’ ಎಂದರೆ ತರಗತಿಯ ಮುಕ್ಕಾಲು ಭಾಗ ಗೋಧಿ ಮತ್ತು ಬಟ್ಟೆ ಎಂದೇ ಬರೆಯುತ್ತದೆ. ಗೋಧಿ ನಮ್ಮ ಪಾವಗಡದ ಬೆಳೆಯಲ್ಲ, ಬಟ್ಟೆಯ ಗಿರಣಿಯೂ ನಮ್ಮಲ್ಲಿಲ್ಲ. ಈ ವರ್ಷ ನಮ್ಮ ದ್ವಿತೀಯ ಪಿಯುಸಿ ತರಗತಿಗೆ ಬೇರೆಯೇ ಒಂದು ಉದಾಹರಣೆ ಸಿಕ್ಕಿತು. ಅದು ಪುಸ್ತಕದ ಲೆಕ್ಕವಲ್ಲ. ಒಂದು ಕುಟುಂಬದ ನಿಜವಾದ ಹಣ, ನಿಜವಾದ ದಿನಗಳ ಲೆಕ್ಕ.

ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಗ್ಲೆಂಡಿನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದಳು. ಜುಲೈ ತಿಂಗಳಲ್ಲಿ ಘಟಿಕೋತ್ಸವ. ಅಬ್ಬಾ, ಅಮ್ಮಿ ಇಬ್ಬರೂ ಬರಲೇಬೇಕು ಎಂದು ಆಕೆಯ ಹಟ. ಆಕೆಯ ತಂದೆ ನಾಗಲಮಡಿಕೆಯಲ್ಲಿ ಕಡಲೆಕಾಯಿ ವ್ಯಾಪಾರ ಮಾಡುವವರು. ಒಂದು ಸಂಜೆ ಸ್ಟಾಫ್ ರೂಮಿಗೆ ಬಂದು ಹೇಳಿದರು: “ಮೇಷ್ಟ್ರೇ, ಘಟಿಕೋತ್ಸವ ಆದ್ಮೇಲೆ ಲಂಡನ್ನಿನಲ್ಲಿ ಎರಡೂವರೆ ದಿನ ಇರ್ತೀವಿ. ಗುರುವಾರ ಮಧ್ಯಾಹ್ನ ಹೋಗಿ ಸೇರ್ತೀವಿ, ಭಾನುವಾರ ಬೆಳಿಗ್ಗೆ ವಿಮಾನ. ಇನ್ನೊಂದು ಸಲ ಹೋಗೋ ಶಕ್ತಿ ನಮಗಿಲ್ಲ. ಮನೆಯವರಿಗೆ ಮಂಡಿನೋವು. ಏನು ನೋಡಬೇಕು, ಏನು ಬಿಡಬೇಕು, ನೀವೇ ಬರೆದುಕೊಡಿ.”

‘ಏನು ಬಿಡಬೇಕು’ ಎಂಬ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಅರ್ಥಶಾಸ್ತ್ರದ ತಿರುಳು ಅದೇ. ಅವರ ಒಪ್ಪಿಗೆ ಪಡೆದು ಆ ಲೆಕ್ಕವನ್ನು ತರಗತಿಗೆ ಕೊಟ್ಟೆ. ನಾವು ಅದನ್ನು ಬಿಡಿಸಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಲಂಡನ್ನಿಗೆ ಹೋಗಿ, ಶಿರಾಕ್ಕೆ ಹೋಗಿ, ಕ್ರಮ ಒಂದೇ.

ಮೊದಲನೆಯ ಹೆಜ್ಜೆ: ಹಣ ಎಲ್ಲಿ ಸಿಕ್ಕಿಕೊಳ್ಳುತ್ತದೆ?

ಬಹಳ ಮಂದಿ ‘ಯುರೋಪಿನ ವೀಸಾ’ ಎಂದು ಒಂದೇ ಮಾತಿನಲ್ಲಿ ಹೇಳುತ್ತಾರೆ. ಫ್ರಾನ್ಸ್, ಜರ್ಮನಿ, ಇಟಲಿ ಸೇರಿದಂತೆ 29 ದೇಶಗಳಿಗೆ ಷೆಂಗೆನ್ ವೀಸಾ ಒಂದೇ ಸಾಕು. ಪ್ಯಾರಿಸ್, ರೋಮ್, ಬರ್ಲಿನ್ ಎಲ್ಲವೂ ಅದರೊಳಗೆ ಬರುತ್ತವೆ. ಆದರೆ ಬ್ರಿಟನ್ ಅದರಲ್ಲಿಲ್ಲ. ಲಂಡನ್ನಿಗೆ ಬ್ರಿಟನ್ನಿನ ಸಂದರ್ಶಕ ವೀಸಾವನ್ನೇ ಪಡೆಯಬೇಕು. ಅರ್ಜಿ ಆನ್‌ಲೈನ್‌ನಲ್ಲಿ ತುಂಬಿ, ಬೆಂಗಳೂರಿನ ವೀಸಾ ಕೇಂದ್ರಕ್ಕೆ ಹೋಗಿ ಬೆರಳಚ್ಚು, ಭಾವಚಿತ್ರ ಕೊಡಬೇಕು. ಸಾಮಾನ್ಯವಾಗಿ ಮೂರು ವಾರಗಳಲ್ಲಿ ಉತ್ತರ ಬರುತ್ತದೆ. ಬ್ಯಾಂಕಿನ ಆರು ತಿಂಗಳ ವಿವರ, ಆದಾಯ ತೆರಿಗೆಯ ಕಾಗದ, ಮಗಳ ವಿಶ್ವವಿದ್ಯಾಲಯದ ಪತ್ರ, ಊರಿನಲ್ಲಿ ಇರುವ ಜಮೀನು ಮತ್ತು ವ್ಯಾಪಾರದ ದಾಖಲೆ, ಇವನ್ನು ಅವರು ಜೋಡಿಸಿಕೊಟ್ಟರು. ‘ಹೋದವರು ಮರಳಿ ಬರುತ್ತಾರೆ’ ಎಂಬುದನ್ನು ತೋರಿಸುವುದೇ ಆ ಕಾಗದಗಳ ಕೆಲಸ.

2025ರಲ್ಲಿ ಈ ವೀಸಾದ ಶುಲ್ಕ ಒಬ್ಬರಿಗೆ 127 ಪೌಂಡ್. ನಾವು ಲೆಕ್ಕದ ಅನುಕೂಲಕ್ಕೆ ಒಂದು ಪೌಂಡ್‌ಗೆ 115 ರೂಪಾಯಿ ಎಂದು ಹಿಡಿದೆವು. ಇಬ್ಬರಿಗೆ 254 ಪೌಂಡ್, ಅಂದರೆ 29,210 ರೂಪಾಯಿ. ವೀಸಾ ಸಿಕ್ಕರೂ ಸಿಗದಿದ್ದರೂ ಈ ಹಣ ವಾಪಸು ಬರುವುದಿಲ್ಲ. ಅರ್ಥಶಾಸ್ತ್ರದಲ್ಲಿ ಇಂಥದಕ್ಕೆ ಮುಳುಗಿದ ವೆಚ್ಚ ಎನ್ನುತ್ತಾರೆ. ಮುಳುಗಿದ ವೆಚ್ಚದ ಬಗ್ಗೆ ನೆನಪಿಡಬೇಕಾದ ಸೂತ್ರ ಎರಡು. ಒಂದು, ಅದನ್ನು ಕಟ್ಟುವ ಮೊದಲು ಎರಡು ಸಲ ಯೋಚಿಸಬೇಕು. ಎರಡು, ಕಟ್ಟಿದ ಮೇಲೆ ಅದನ್ನು ಮುಂದಿನ ತೀರ್ಮಾನಗಳಿಗೆ ಎಳೆದು ತರಬಾರದು. ‘ಇಷ್ಟು ಖರ್ಚು ಮಾಡಿ ಬಂದಿದ್ದೇವೆ, ಎಲ್ಲವನ್ನೂ ನೋಡಿಯೇ ಹೋಗಬೇಕು’ ಎಂದು ಮಂಡಿನೋವಿನವರನ್ನು ಓಡಿಸುವುದು ಎರಡನೆಯ ಸೂತ್ರದ ಉಲ್ಲಂಘನೆ. ಇನ್ನೊಂದು ಎಚ್ಚರ: ರದ್ದು ಮಾಡಿದರೆ ಹಣ ಬರದಂಥ ವಿಮಾನದ ಟಿಕೆಟ್ಟನ್ನು ವೀಸಾ ಕೈಗೆ ಬರುವ ಮೊದಲು ಕೊಳ್ಳಬಾರದು.

ಎರಡನೆಯ ಹೆಜ್ಜೆ: ಗಂಟೆಗಳನ್ನು ಎಣಿಸುವುದು

ತರಗತಿಯಲ್ಲಿ ಪಟ್ಟಿ ಬರೆಯಲು ಹೇಳಿದಾಗ ಕಪ್ಪುಹಲಗೆಯ ಮೇಲೆ ಹನ್ನೊಂದು ಸ್ಥಳಗಳು ಬಂದವು. ಬಿಗ್ ಬೆನ್, ಬಕಿಂಗ್‌ಹ್ಯಾಮ್ ಅರಮನೆ, ಲಂಡನ್ ಟವರ್, ಲಂಡನ್ ಐ, ಬ್ರಿಟಿಷ್ ಮ್ಯೂಸಿಯಂ, ಟಿಪ್ಪುವಿನ ಹುಲಿ, ಗ್ರೀನಿಚ್, ಬಸವಣ್ಣನವರ ಪ್ರತಿಮೆ, ಲಾರ್ಡ್ಸ್ ಮೈದಾನ, ಈಸ್ಟ್ ಲಂಡನ್ ಮಸೀದಿ, ವೋಕಿಂಗ್‌ನ ಷಾ ಜಹಾನ್ ಮಸೀದಿ. ಎರಡೂವರೆ ದಿನಕ್ಕೆ ಹನ್ನೊಂದು!

ಈಗ ಕಳೆಯುವ ಲೆಕ್ಕ. ಒಂದು ದಿನಕ್ಕೆ 24 ಗಂಟೆ. ನಿದ್ರೆಗೆ 8 ಕಳೆಯಿರಿ. ಸ್ನಾನ, ಊಟ, ನಮಾಜು ಸೇರಿ 4. ರೈಲು ಬಸ್ಸುಗಳಲ್ಲಿ 2. ಮಂಡಿನೋವಿಗೆ ವಿಶ್ರಾಂತಿ 2. ಉಳಿದದ್ದು 8. ಮೂರು ದಿನಕ್ಕೆ 24 ಗಂಟೆ. ಗುರುವಾರ ಮಧ್ಯಾಹ್ನ ತಲುಪುವುದರಿಂದ ಅದರಲ್ಲಿ 4 ಕಳೆದರೆ 20 ಗಂಟೆ. ಒಂದು ದೊಡ್ಡ ಸ್ಥಳವನ್ನು ಸರತಿ, ನಡಿಗೆ ಸೇರಿ ಸಮಾಧಾನವಾಗಿ ನೋಡಲು 4 ಗಂಟೆ ಬೇಕು. ಇಪ್ಪತ್ತನ್ನು ನಾಲ್ಕರಿಂದ ಭಾಗಿಸಿದರೆ ಐದು. ಅಂದರೆ ಹನ್ನೊಂದರಲ್ಲಿ ಆರನ್ನು ಬಿಡಲೇಬೇಕು. ಕೊರತೆ ಎಂದರೆ ಬಡತನ ಎಂದು ನಿಮ್ಮಲ್ಲಿ ಕೆಲವರು ಬರೆಯುತ್ತೀರಿ. ಲಂಡನ್ನಿಗೆ ಹೋದ ಕೋಟ್ಯಧಿಪತಿಗೂ ಎರಡೂವರೆ ದಿನದಲ್ಲಿ ಇರುವುದು ಅಷ್ಟೇ ಗಂಟೆ. ಸಮಯದ ಕೊರತೆ ಎಲ್ಲರಿಗೂ ಒಂದೇ.

ಮೂರನೆಯ ಹೆಜ್ಜೆ: ಸೂರ್ಯ ಮತ್ತು ಗಡಿಯಾರ

ಇಲ್ಲಿ ಭೂಗೋಳಶಾಸ್ತ್ರದ ನೆರವು ಬೇಕಾಯಿತು. ಲಂಡನ್ನಿನ ಗ್ರೀನಿಚ್ ಸೊನ್ನೆ ರೇಖಾಂಶ. ಭಾರತದ ಗಡಿಯಾರ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ. 82.5ನ್ನು 4ರಿಂದ ಗುಣಿಸಿದರೆ 330 ನಿಮಿಷ, ಅಂದರೆ ಐದೂವರೆ ಗಂಟೆ. ಆದರೆ ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದ ತನಕ ಬ್ರಿಟನ್ನಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಹಾಗಾಗಿ ಜುಲೈನಲ್ಲಿ ನಮಗೂ ಅವರಿಗೂ ಇರುವ ಅಂತರ ನಾಲ್ಕೂವರೆ ಗಂಟೆ ಮಾತ್ರ.

ಇದರಿಂದ ಇನ್ನೊಂದು ವಿಷಯ ಹೊರಬಂತು. ಪಾವಗಡದ ರೇಖಾಂಶ ಸುಮಾರು 77.3 ಡಿಗ್ರಿ. ನಾಲ್ಕರಿಂದ ಗುಣಿಸಿದರೆ 309 ನಿಮಿಷ. ಗಡಿಯಾರ 330 ನಿಮಿಷ ಮುಂದಿದೆ, ನಮ್ಮ ಸೂರ್ಯ 309 ನಿಮಿಷ ಮಾತ್ರ. ವ್ಯತ್ಯಾಸ 21 ನಿಮಿಷ. ಆದ್ದರಿಂದ ನಮ್ಮ ಊರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12:21ಕ್ಕೆ. ಮಸೀದಿಯ ಗೋಡೆಯ ಮೇಲಿನ ವೇಳಾಪಟ್ಟಿಯಲ್ಲಿ ಲುಹರ್‌ನ ವೇಳೆ ಹನ್ನೆರಡಕ್ಕೆ ಸರಿಯಾಗಿ ಶುರುವಾಗದೆ ಯಾಕೆ ಆಚೆಗೆ ಹೋಗುತ್ತದೆ ಎಂಬುದಕ್ಕೆ ಇದೇ ಕಾರಣ. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ, ಅದರ ಅಕ್ಷವೂ ವಾಲಿದೆ. ಅದರಿಂದ ಈ ವೇಳೆ ನವೆಂಬರ್ ಆರಂಭದಲ್ಲಿ 12:05ರ ಹತ್ತಿರಕ್ಕೂ ಫೆಬ್ರವರಿಯಲ್ಲಿ 12:35ರ ಹತ್ತಿರಕ್ಕೂ ಓಡಾಡುತ್ತದೆ. ಗಡಿಯಾರ ಮುಂದಿಟ್ಟ ಲಂಡನ್ನಿನಲ್ಲಿ ಜುಲೈನಲ್ಲಿ ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನ ಒಂದು ದಾಟಿದ ಮೇಲೆ. ಜುಮಾ ನಮಾಜಿನ ಲೆಕ್ಕ ಇದರ ಮೇಲೆ ನಿಂತಿದೆ.

ಹಗಲಿನ ಉದ್ದವೂ ಬೇರೆ. ಪಾವಗಡ 14 ಡಿಗ್ರಿ ಉತ್ತರದಲ್ಲಿದೆ, ಲಂಡನ್ 51.5 ಡಿಗ್ರಿ ಉತ್ತರದಲ್ಲಿ. ಜುಲೈ ನಡುವಿನಲ್ಲಿ ನಮ್ಮ ಹಗಲು ಹದಿಮೂರು ಗಂಟೆಗೆ ಸ್ವಲ್ಪ ಕಡಿಮೆ, ಅಲ್ಲಿಯದು ಹದಿನಾರು ಗಂಟೆ. ಮಗ್ರಿಬ್ ರಾತ್ರಿ ಒಂಬತ್ತು ದಾಟಿದ ಮೇಲೆ! ಡಿಸೆಂಬರಿನಲ್ಲಿ ಹೋದವರಿಗೆ ಅದೇ ಊರಿನಲ್ಲಿ ಸಿಗುವುದು ಎಂಟು ಗಂಟೆಯ ಹಗಲು. ಅಂದರೆ ಯಾವ ತಿಂಗಳಲ್ಲಿ ಹೋಗುತ್ತೇವೆ ಎಂಬುದೂ ಒಂದು ಸಂಪನ್ಮೂಲ.

ನಾಲ್ಕನೆಯ ಹೆಜ್ಜೆ: ನಕ್ಷೆಯ ಮೇಲೆ ಒಂದೇ ಗೆರೆ

ಲಂಡನ್ನಿನ ನೆಲದಡಿಯ ರೈಲು 1863ರ ಜನವರಿ 10ರಂದು ಶುರುವಾದದ್ದು. ಜಗತ್ತಿನಲ್ಲಿ ಇಂಥದು ಅದೇ ಮೊದಲು. ಅದರ ನಕ್ಷೆಯಲ್ಲಿ ಒಂದೊಂದು ಮಾರ್ಗಕ್ಕೂ ಒಂದೊಂದು ಬಣ್ಣ. ಮಗಳು ವೈಟ್‌ಚಾಪೆಲ್‌ನಲ್ಲಿ ಕೋಣೆ ಹಿಡಿದಿದ್ದಳು. ನಮ್ಮ ತರಗತಿಯ ಹುಡುಗಿಯೊಬ್ಬಳು ನಕ್ಷೆಯ ಮೇಲೆ ಬೆರಳಿಟ್ಟು ಹಸಿರು ಗೆರೆಯನ್ನು ಹಿಡಿದು ಹೋದಳು. ವೈಟ್‌ಚಾಪೆಲ್, ಟವರ್ ಹಿಲ್, ವೆಸ್ಟ್‌ಮಿನ್‌ಸ್ಟರ್, ವಿಕ್ಟೋರಿಯಾ, ಸೌತ್ ಕೆನ್ಸಿಂಗ್ಟನ್ ಎಲ್ಲವೂ ಅದೇ ಡಿಸ್ಟ್ರಿಕ್ಟ್ ಮಾರ್ಗದಲ್ಲಿ ಬಂದವು. ನಮ್ಮ ಪಟ್ಟಿಯ ಅರ್ಧಕ್ಕೂ ಹೆಚ್ಚು ಸ್ಥಳಗಳು ರೈಲು ಬದಲಿಸದೆಯೇ ಸಿಗುತ್ತವೆ ಎಂಬುದು ಹೀಗೆ ತಿಳಿಯಿತು. ಅದೇ ವೈಟ್‌ಚಾಪೆಲ್‌ನಿಂದ ಹೀಥ್ರೂ ವಿಮಾನ ನಿಲ್ದಾಣಕ್ಕೂ ಎಲಿಜಬೆತ್ ಮಾರ್ಗದ ರೈಲು ನೇರವಾಗಿ ಹೋಗುತ್ತದೆ. ಸೂಟ್‌ಕೇಸ್ ಹಿಡಿದು ಮೆಟ್ಟಿಲು ಹತ್ತಿಳಿಯುವ ಕಷ್ಟವಿಲ್ಲ.

ಆ ನಕ್ಷೆಯಲ್ಲಿ ಲಿಫ್ಟ್ ಅಥವಾ ಇಳಿಜಾರು ಇರುವ ನಿಲ್ದಾಣಗಳಿಗೆ ಗಾಲಿಕುರ್ಚಿಯ ಗುರುತು ಹಾಕಿರುತ್ತಾರೆ. ವೈಟ್‌ಚಾಪೆಲ್, ಟವರ್ ಹಿಲ್, ವೆಸ್ಟ್‌ಮಿನ್‌ಸ್ಟರ್, ವಿಕ್ಟೋರಿಯಾಗಳಿಗೆ ಆ ಗುರುತಿದೆ. ಹಾಗಾಗಿ ಸೌತ್ ಕೆನ್ಸಿಂಗ್ಟನ್ನಿಗೆ ಹೋಗುವಾಗ ವಿಕ್ಟೋರಿಯಾದಲ್ಲೇ ಇಳಿದು ಬಸ್ಸು ಹತ್ತಬೇಕೆಂದು ಬರೆದೆವು.

ಹಣದ ಲೆಕ್ಕ ನೋಡಿ. 2025ರ ದರದಲ್ಲಿ ಒಂದು ಮತ್ತು ಎರಡನೆಯ ವಲಯದೊಳಗೆ ದಿನವಿಡೀ ಎಷ್ಟು ಓಡಾಡಿದರೂ ಒಬ್ಬರಿಗೆ 8.90 ಪೌಂಡ್‌ಗಿಂತ ಹೆಚ್ಚು ಕಡಿತವಾಗುವುದಿಲ್ಲ. ದಿನವೆಲ್ಲ ಒಂದೇ ಕಾರ್ಡನ್ನು ತೋರಿಸಬೇಕು, ಅಷ್ಟೇ. ಬಸ್ಸು ಮಾತ್ರವಾದರೆ 5.25 ಪೌಂಡ್. ಇಬ್ಬರಿಗೆ ಮೂರು ದಿನಕ್ಕೆ ಮೊದಲನೆಯದು 53.40 ಪೌಂಡ್, ಎರಡನೆಯದು 31.50. ರೂಪಾಯಿಯಲ್ಲಿ 6,141 ಮತ್ತು ಸುಮಾರು 3,623. ಬಸ್ಸಿನಲ್ಲಿ 2,500 ರೂಪಾಯಿ ಉಳಿಯುತ್ತದೆ, ಊರು ಕಾಣುತ್ತದೆ, ಆದರೆ ಗಂಟೆಗಳು ಹೋಗುತ್ತವೆ. ತರಗತಿ ಬೆಳಿಗ್ಗೆ ರೈಲು, ಹಗಲಿನಲ್ಲಿ ಹತ್ತಿರದ ಓಡಾಟಕ್ಕೆ ಬಸ್ಸು ಎಂದು ತೀರ್ಮಾನಿಸಿತು.

ಐದನೆಯ ಹೆಜ್ಜೆ: ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು

ಗುರುವಾರ ಮಧ್ಯಾಹ್ನ: ವೆಸ್ಟ್‌ಮಿನ್‌ಸ್ಟರ್. ಪಾರ್ಲಿಮೆಂಟು, ಗಡಿಯಾರದ ಗೋಪುರ. ಬಿಗ್ ಬೆನ್ ಎಂಬುದು ಗೋಪುರದ ಹೆಸರಲ್ಲ, ಒಳಗಿನ ದೊಡ್ಡ ಗಂಟೆಯ ಹೆಸರು; ಗೋಪುರಕ್ಕೆ 2012ರಿಂದ ಎಲಿಜಬೆತ್ ಟವರ್ ಎಂದು ಹೆಸರು. ಸೇತುವೆ ದಾಟಿ ಥೇಮ್ಸ್ ನದಿಯ ದಂಡೆಯಲ್ಲೇ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿಯ ಡಾ. ನೀರಜ್ ಪಾಟೀಲ ಅವರ ಪ್ರಯತ್ನದಿಂದ ಬಂದ ಈ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಅನುಭವ ಮಂಟಪದ ಹಿರಿಯರು ನದಿಯ ಆಚೆಗಿನ ಪಾರ್ಲಿಮೆಂಟಿನ ಎದುರಿಗೆ ನಿಂತಿದ್ದಾರೆ. ಇಲ್ಲಿ ಟಿಕೆಟ್ ಇಲ್ಲ.

ಶುಕ್ರವಾರ: ಬೆಳಿಗ್ಗೆ ವೈಟ್‌ಚಾಪೆಲ್ ಸುತ್ತಮುತ್ತ. ಬ್ರಿಕ್ ಲೇನ್‌ನಲ್ಲಿರುವ ಜಾಮೆ ಮಸೀದಿಯ ಕಟ್ಟಡ 1743ರಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರೊಟೆಸ್ಟೆಂಟರ ಚರ್ಚು ಆಗಿತ್ತು. ಆಮೇಲೆ ಮೆಥಡಿಸ್ಟರ ಪ್ರಾರ್ಥನಾಮಂದಿರ, 1898ರ ಹೊತ್ತಿಗೆ ಯಹೂದಿಗಳ ಸಿನಗಾಗ್, 1976ರಿಂದ ಮಸೀದಿ. ಒಂದೇ ಕಟ್ಟಡ, ಒಂದಾದ ಮೇಲೊಂದು ವಲಸೆ ಬಂದ ಜನ. ವಲಸೆಯ ಬಗ್ಗೆ ಸಮಾಜಶಾಸ್ತ್ರದಲ್ಲಿ ಓದುವವರು ಈ ಉದಾಹರಣೆಯನ್ನು ಬರೆದಿಟ್ಟುಕೊಳ್ಳಿ. ಜುಮಾ ನಮಾಜು ಈಸ್ಟ್ ಲಂಡನ್ ಮಸೀದಿಯಲ್ಲಿ, ಊಟ ಅಲ್ಲೇ ಹತ್ತಿರದಲ್ಲಿ. ಹಲಾಲ್ ಊಟಕ್ಕೆ ಆ ಬೀದಿಯಲ್ಲಿ ಹುಡುಕಾಡಬೇಕಿಲ್ಲ. ನಂತರ ಎರಡು ಗಂಟೆ ವಿಶ್ರಾಂತಿ.

ಸಂಜೆಗೆ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ. ಇತರ ದಿನ ಅದು 5:45ಕ್ಕೆ ಮುಚ್ಚುತ್ತದೆ, ಶುಕ್ರವಾರ ಕೆಲವು ಗ್ಯಾಲರಿಗಳು ರಾತ್ರಿ 10ರ ತನಕ ತೆರೆದಿರುತ್ತವೆ. ಇದನ್ನು ಹುಡುಕಿದ ಹುಡುಗನನ್ನು ತರಗತಿ ಚಪ್ಪಾಳೆ ತಟ್ಟಿ ಮೆಚ್ಚಿತು. ಹಗಲಿನ ನಾಲ್ಕು ಗಂಟೆ ಅವನಿಂದ ಉಳಿಯಿತು. ಪ್ರವೇಶ ಉಚಿತ. ಟಿಪ್ಪುವಿನ ಹುಲಿ ಇರುವುದು ಈ ಮ್ಯೂಸಿಯಮ್ಮಿನ ಸಂಗ್ರಹದಲ್ಲೇ. ಬಣ್ಣ ಬಳಿದ ಮರದ ಹುಲಿ, ಅದರ ಕೆಳಗೆ ಬಿದ್ದ ಯುರೋಪಿನ ಸೈನಿಕ, ಹುಲಿಯ ಹೊಟ್ಟೆಯೊಳಗೆ ಗಾಳಿವಾದ್ಯ. ಹಿಡಿ ತಿರುಗಿಸಿದರೆ ಗರ್ಜನೆ ಮತ್ತು ನರಳಾಟದ ಸದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದನ್ನು ಲಂಡನ್ನಿಗೆ ಸಾಗಿಸಿದರು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಜನರಿಗೆ ತೋರಿಸಿದರು. ಅದರ ಚಿತ್ರವನ್ನು ಸಾಹೇಬರ ಮನೆಯವರಿಗೆ ತೋರಿಸಿದಾಗ “ಚನ್ನಪಟ್ಟಣದ ಬೊಂಬೆ ಇದ್ದ ಹಾಗಿದೆಯಲ್ಲ!” ಎಂದರು. ಗ್ಯಾಲರಿಗಳ ದುರಸ್ತಿ ನಡೆಯುವಾಗ ವಸ್ತುಗಳನ್ನು ತೆಗೆದಿಡುವುದುಂಟು. ಹೊರಡುವ ವಾರ ಮ್ಯೂಸಿಯಮ್ಮಿನ ಜಾಲತಾಣ ನೋಡಬೇಕು ಎಂದು ಕೆಂಪು ಶಾಯಿಯಲ್ಲಿ ಬರೆದೆವು.

ಶನಿವಾರ ಬೆಳಿಗ್ಗೆ: ಇಲ್ಲಿ ವಾದ ನಡೆಯಿತು. ತರಗತಿಯ ಬಹುಮತ ಲಂಡನ್ ಟವರ್‌ಗೆ. ಒಂಬೈನೂರು ವರ್ಷಕ್ಕೂ ಹಳೆಯ ಕೋಟೆ, ಒಳಗೆ ಕೊಹಿನೂರ್ ಇರುವ ಕಿರೀಟ. ಆಗ ಟಿಕೆಟ್ ಒಬ್ಬರಿಗೆ ಸುಮಾರು 35 ಪೌಂಡ್ ಇತ್ತು, ಇಬ್ಬರಿಗೆ 8,050 ರೂಪಾಯಿ. ಪಟ್ಟಿ ನೋಡಿದ ಸಾಹೇಬರು ನಕ್ಕರು. “ಕೋಟೆ ನಮ್ಮ ಪಾವಗಡದಲ್ಲೂ ಇದೆ ಮೇಷ್ಟ್ರೇ. ಹೊರಗಿನಿಂದ ಗೋಡೆ ನೋಡಿದ್ರೆ ಸಾಕು. ಇವಳಿಗೆ ದೊಡ್ಡ ನದಿಯಲ್ಲಿ ದೋಣಿ ಹತ್ತಬೇಕಂತೆ. ನಮ್ಮ ಪಿನಾಕಿನಿಯಲ್ಲಿ ನೀರು ನೋಡೋದೇ ಅಪರೂಪ.”

ಟವರ್‌ನ ದಂಡೆಯಿಂದ ಗ್ರೀನಿಚ್‌ಗೆ ದೋಣಿ ಹೋಗುತ್ತದೆ. ಅದರ ಟಿಕೆಟ್ ಕೋಟೆಯ ಟಿಕೆಟ್ಟಿಗಿಂತ ಬಹಳ ಕಡಿಮೆ. ಗ್ರೀನಿಚ್‌ನ ವೀಕ್ಷಣಾಲಯದ ಅಂಗಳಕ್ಕೆ ಹಣ ಕೊಡಬೇಕು, ಆದರೆ ಸೊನ್ನೆ ರೇಖಾಂಶದ ಗುರುತು ಹೊರಗಿನ ಕಾಲುದಾರಿಯಲ್ಲೂ ಇದೆ, ಅದು ಉಚಿತ. ಗುಡ್ಡ ಹತ್ತಲಾರದವರು ನದಿಯ ಬಳಿ ಕೂರಬಹುದು.

ಇಲ್ಲಿ ಎಲ್ಲರೂ ಪೆನ್ನು ಹಿಡಿಯಿರಿ. ಅವಕಾಶ ವೆಚ್ಚ ಎಂದರೆ ನಾವು ಬಿಟ್ಟುಕೊಟ್ಟ ಆಯ್ಕೆಗಳಲ್ಲಿ ಅತ್ಯುತ್ತಮವಾದದ್ದರ ಬೆಲೆ. ಆದರೆ ಯಾವುದು ಅತ್ಯುತ್ತಮ ಎಂದು ಹೇಳಬೇಕಾದವರು ಆಯ್ಕೆ ಮಾಡುವವರೇ ಹೊರತು ಯೋಜನೆ ಬರೆಯುವವರಲ್ಲ. ತರಗತಿಯ ಲೆಕ್ಕದಲ್ಲಿ ದೋಣಿಯ ಅವಕಾಶ ವೆಚ್ಚ ಕೊಹಿನೂರ್. ಆ ತಾಯಿಯ ಲೆಕ್ಕದಲ್ಲಿ ಕೊಹಿನೂರಿನ ಅವಕಾಶ ವೆಚ್ಚ, ತುಂಬಿದ ನದಿಯ ಮೇಲೆ ಮಗಳ ಪಕ್ಕದಲ್ಲಿ ಕೂತ ಒಂದು ಗಂಟೆ. ಪಠ್ಯಪುಸ್ತಕ ಇವೆರಡನ್ನೂ ಒಪ್ಪುತ್ತದೆ. ಬಹುಮತದಿಂದ ಇದನ್ನು ತೀರ್ಮಾನಿಸಲು ಬರುವುದಿಲ್ಲ.

ಶನಿವಾರ ಮಧ್ಯಾಹ್ನದ ನಾಲ್ಕು ಗಂಟೆಯನ್ನು ನಾವು ಖಾಲಿ ಬಿಟ್ಟೆವು. ಮಳೆ ಬಂದರೆ, ಮಂಡಿ ನೋವಾದರೆ, ಏನಾದರೂ ತಪ್ಪಿಹೋದರೆ ಅದಕ್ಕೆ ಜಾಗ ಬೇಕು. ರೈತ ಬಿತ್ತನೆಯ ಬೀಜವನ್ನೆಲ್ಲ ಒಂದೇ ಮಳೆಗೆ ಸುರಿಯುವುದಿಲ್ಲ. ಕೊನೆಗೆ ಸಾಹೇಬರು ಇನ್ನೊಂದು ಪ್ರಶ್ನೆ ಕೇಳಿದರು: “ಎಲ್ಲ ಸರಿ, ಎಲ್ಲೆಲ್ಲಿ ಕೂತ್ಕೋಬಹುದು ಅಂತ ಬರೆದಿಲ್ಲವಲ್ಲ?” ಮರುದಿನ ತರಗತಿ ಇಡೀ ಯೋಜನೆಯನ್ನು ಇನ್ನೊಮ್ಮೆ ತೆಗೆದು, ಪ್ರತಿ ನಡಿಗೆಯ ಪಕ್ಕದಲ್ಲೂ ಉದ್ಯಾನ, ಬೆಂಚು, ಶೌಚಾಲಯಗಳನ್ನು ಗುರುತಿಸಿತು. ಒಂದು ಹಾಳೆಯ ಯೋಜನೆ ಎರಡು ಹಾಳೆಯಾಯಿತು, ಮತ್ತು ಆಗಲೇ ಅದು ನಿಜಕ್ಕೂ ಆ ಇಬ್ಬರ ಯೋಜನೆಯಾಯಿತು. ಅವರು ಹೋಗಿ ಬಂದಿದ್ದಾರೆ. ಎರಡನೆಯ ಹಾಳೆ ಮಡಿಕೆಗಳಲ್ಲಿ ಹರಿದಿತ್ತು. ಮೊದಲನೆಯದಕ್ಕಿಂತ ಅದನ್ನೇ ಹೆಚ್ಚು ತೆರೆದು ನೋಡಿದರಂತೆ.

ನಿಮಗೆ ಅಭ್ಯಾಸ

ಶಿರಾ ಕೂಡ ಒಂದು ಕಾಲದ ರಾಜಧಾನಿ. 1687ರಲ್ಲಿ ಮೊಗಲರು ಅದನ್ನು ತಮ್ಮ ಪ್ರಾಂತ್ಯದ ಕೇಂದ್ರ ಮಾಡಿಕೊಂಡರು. ಅಲ್ಲಿ ಕೋಟೆಯಿದೆ, ಮಲಿಕ್ ರಿಹಾನ್ ದರ್ಗಾ ಇದೆ, ಕಲ್ಲಿನ ಜಾಮಿಯಾ ಮಸೀದಿ ಇದೆ. ತಾಲ್ಲೂಕಿನ ಕಗ್ಗಲಡುವಿನಲ್ಲಿ ಹಕ್ಕಿಗಳು ಗೂಡು ಕಟ್ಟುವ ಮರಗಳಿವೆ. ಪಾವಗಡದಿಂದ ಬೆಳಗಿನ ಬಸ್ಸಿಗೆ ಹೊರಟು ಮಗ್ರಿಬ್‌ಗೆ ಮನೆ ಸೇರಬೇಕು. ಜೊತೆಗೆ ನಿಮ್ಮ ಮನೆಯ ಹಿರಿಯರೊಬ್ಬರು ಇರಬೇಕು.

1. ಬಳಸಬಹುದಾದ ಗಂಟೆಗಳನ್ನು ಕಳೆಯುವ ಲೆಕ್ಕದಿಂದ ಕಂಡುಹಿಡಿಯಿರಿ.
2. ಯಾವ ಖರ್ಚು ಮುಳುಗಿದ ವೆಚ್ಚ, ಯಾವುದು ಅಲ್ಲ ಎಂದು ವಿಂಗಡಿಸಿ.
3. ನೀವು ಬಿಟ್ಟ ಸ್ಥಳಗಳಲ್ಲಿ ಅತ್ಯುತ್ತಮವಾದದ್ದು ಯಾವುದು? ಅದನ್ನು ನಿಮ್ಮ ಹಿರಿಯರನ್ನೂ ಕೇಳಿ ಬರೆಯಿರಿ. ಎರಡು ಉತ್ತರಗಳೂ ಬೇರೆಯಾಗಿದ್ದರೆ ಎರಡನ್ನೂ ಬರೆಯಿರಿ.
4. ಅವರು ಎಲ್ಲಿ ಕೂರುತ್ತಾರೆ?

ಉತ್ತರಗಳನ್ನು ಮುಂದಿನ ಸೋಮವಾರದೊಳಗೆ ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಮೇಲಿಡಿ. ನಾಲ್ಕನೆಯ ಪ್ರಶ್ನೆಗೂ ಅಂಕವಿದೆ.